ಸರ್ವರ್‌ನಲ್ಲಿ ರ‍್ಯಾಮ್, ಕಾರ್ಡ್ ಕೈಕೊಟ್ಟಾಗ: ಮುಚ್ಚಳ ತೆಗೆಯುವ ಮುಂಚೆ, ತೆಗೆದ ಮೇಲೆ

ಸೋಮವಾರ ಬೆಳಗ್ಗೆ ಏಳೂವರೆಗೆ ಫೋನ್ ಬಂತು. "ಸಾರ್, ಸರ್ವರ್ ಮೇಲೇಳ್ತಾ ಇಲ್ಲ. ಮುಂದ್ಗಡೆ ಆರೆಂಜ್ ಲೈಟ್ ಮಿಣುಕ್ತಾ ಇದೆ, ಬೇಗ ಬನ್ನಿ." ನಾನು ಆ ಊರು ಮುಟ್ಟುವಷ್ಟರಲ್ಲಿ ಹತ್ತೂವರೆ. ಒಳಗೆ ಹೋಗಿ ನೋಡಿದರೆ ಮೇಜಿನ ಮೇಲೆ ಹಿಂದಿನ ದಿನದ ಪೇಪರ್ ಹಾಸಿ, ಹಪ್ಪಳ ಒಣಗಲು ಇಟ್ಟ ಹಾಗೆ ಹದಿನಾರು ರ‍್ಯಾಮ್ ಸ್ಟಿಕ್‌ಗಳನ್ನು ಜೋಡಿಸಿದ್ದರು. ಪಕ್ಕದಲ್ಲಿ ಎರಡು ನೆಟ್‌ವರ್ಕ್ ಕಾರ್ಡು. ಯಾವುದು ಯಾವ ಸ್ಲಾಟಿನಿಂದ ಬಂತು ಅಂತ ಕೇಳಿದೆ. ಹುಡುಗ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಅವತ್ತು ಕೆಟ್ಟಿದ್ದು ಒಂದೇ ಒಂದು ಸ್ಟಿಕ್. ಯಾವ ಸ್ಲಾಟಿನದು ಅಂತ ಸರ್ವರ್ ತಾನೇ ಲಾಗ್‌ನಲ್ಲಿ, ಅಂದರೆ ತನ್ನ ದಿನಚರಿಯಲ್ಲಿ, ಬರೆದಿಟ್ಟಿತ್ತು. ಮೊದಲೇ ಓದಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಆ ಸ್ಲಾಟಿನಲ್ಲಿ ಇದ್ದದ್ದು ಈ ಹದಿನಾರರಲ್ಲಿ ಯಾವುದು? ಒಂದೊಂದನ್ನೇ ಹಾಕಿ ನೋಡುತ್ತಾ ಕೂತು ಸಂಜೆ ಆರಾಯಿತು.

ಹಾಗಾಗಿ ನಾನು ಇಲ್ಲಿ ಹೇಳುವುದೆಲ್ಲ ಎರಡು ಮಾತಿನ ಸುತ್ತಲೇ ಇದೆ. ಮಿಷನ್ ಏನು ಹೇಳುತ್ತಿದೆ ಅಂತ ಮೊದಲು ಓದಿ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಉದಾಹರಣೆಗೆ ನಮ್ಮ ಕಡೆ ಕಾಲೇಜು, ಆಸ್ಪತ್ರೆ, ಸಣ್ಣ ಕಂಪನಿಗಳಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಸಾಕೆಟ್‌ನ, ಅಂದರೆ ಎರಡು ಸಿಪಿಯು ಕೂರುವ, ರ‍್ಯಾಕ್ ಸರ್ವರ್ ಇಟ್ಟುಕೊಳ್ಳೋಣ. ಡೆಲ್ ಪವರ್‌ಎಡ್ಜ್ ಆರ್740 ಅಥವಾ ಎಚ್‌ಪಿಇ ಪ್ರೋಲಯಂಟ್ ಡಿಎಲ್380 ಜೆನ್10, ಆ ತರಹದ್ದು. ಎರಡರಲ್ಲೂ ರ‍್ಯಾಮ್‌ಗೆ 24 ಸ್ಲಾಟ್ ಇವೆ. ಈ ಸ್ಟಿಕ್‌ಗಳಿಗೆ ಕೈಪಿಡಿಯಲ್ಲಿ ಡಿಮ್ ಅನ್ನುತ್ತಾರೆ. ನಾನೂ ಇನ್ನು ಮುಂದೆ ಹಾಗೇ ಅನ್ನುತ್ತೇನೆ.

ಮೊದಲ ಹೆಜ್ಜೆ: ಲಾಗ್ ಓದಿ

ಸರ್ವರ್ ಆನ್ ಆಗದಿದ್ದರೂ ಅದರೊಳಗಿನ ಒಂದು ಸಣ್ಣ ಕಂಪ್ಯೂಟರ್ ಎಚ್ಚರವಾಗಿಯೇ ಇರುತ್ತದೆ. ಡೆಲ್‌ನಲ್ಲಿ ಅದು ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಎಲ್‌ಒ. ಪವರ್ ಕೇಬಲ್ ಸಿಕ್ಕಿಸಿದ್ದರೆ ಸಾಕು, ಅದು ಕೆಲಸ ಮಾಡುತ್ತಿರುತ್ತದೆ. ಅದರ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿ ಲಾಗಿನ್ ಆಗಿ. ಡೆಲ್‌ನಲ್ಲಿ ಸಿಸ್ಟಮ್ ಈವೆಂಟ್ ಲಾಗ್, ಎಚ್‌ಪಿಇಯಲ್ಲಿ ಇಂಟಿಗ್ರೇಟೆಡ್ ಮ್ಯಾನೇಜ್‌ಮೆಂಟ್ ಲಾಗ್ ತೆರೆಯಿರಿ. ಬೇರೆ ಕಂಪನಿಯ ಮಿಷನ್ ಆಗಿದ್ದು, ಲಿನಕ್ಸ್ ಓಡುತ್ತಿದ್ದರೆ ಐಪಿಎಂಐಟೂಲ್ ಎಂಬ ಕಮಾಂಡಿನಿಂದಲೂ ಇದೇ ಲಾಗ್ ಓದಬಹುದು.

ಐಡ್ರ್ಯಾಕ್ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ ಅನ್ನುತ್ತೀರಾ? ಹತ್ತರಲ್ಲಿ ಆರು ಕಡೆ ನನಗೆ ಸಿಗುವ ಉತ್ತರ ಅದೇ. ಸರ್ವರ್‌ನ ಮುಂಭಾಗದಲ್ಲಿ ಎಳೆದರೆ ಹೊರಬರುವ ಒಂದು ಚಿಕ್ಕ ಪ್ಲಾಸ್ಟಿಕ್ ಚೀಟಿ ಇರುತ್ತದೆ. ಈಚಿನ ಹಲವು ಮಿಷನ್‌ಗಳಲ್ಲಿ ಕಂಪನಿ ಕೊಟ್ಟ ಮೊದಲ ಪಾಸ್‌ವರ್ಡ್ ಅದರಲ್ಲೇ ಅಚ್ಚಾಗಿರುತ್ತದೆ. ಮೊದಲು ಅಲ್ಲಿ ನೋಡಿ.

ಲಾಗ್‌ನಲ್ಲಿ ಎರಡು ಬಗೆಯ ಮೆಮೊರಿ ದೂರು ಕಾಣುತ್ತವೆ. ಇವುಗಳ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ.

ಒಂದು, ಸರಿಪಡಿಸಿದ ತಪ್ಪು. ಇಂಗ್ಲಿಷ್ ಲಾಗ್‌ನಲ್ಲಿ ಕರೆಕ್ಟಬಲ್ ಅಂತ ಇರುತ್ತದೆ. ಈ ಸರ್ವರ್‌ಗಳಿಗೆ ಹಾಕುವ ಡಿಡಿಆರ್4 ಪೀಳಿಗೆಯ ರ‍್ಯಾಮ್ ಪ್ರತಿ 64 ಬಿಟ್ ಡೇಟಾ ಜೊತೆಗೆ 8 ಬಿಟ್ ಲೆಕ್ಕ ಹೆಚ್ಚಿಗೆ ಇಡುತ್ತದೆ, ಒಟ್ಟು 72. ಇದೇ ಇಸಿಸಿ. ಒಂದು ಬಿಟ್ ತಪ್ಪಿದರೆ ಆ ಎಂಟು ಬಿಟ್‌ಗಳ ಲೆಕ್ಕ ನೋಡಿ ಅಲ್ಲಿಂದಲ್ಲಿಗೇ ತಿದ್ದುತ್ತದೆ. ನಿಮ್ಮ ಡೇಟಾಗೆ ಏನೂ ಆಗಿರುವುದಿಲ್ಲ.

ಇನ್ನೊಂದು, ಸರಿಪಡಿಸಲಾಗದ ತಪ್ಪು. ಅನ್‌ಕರೆಕ್ಟಬಲ್ ಅಥವಾ ಮಲ್ಟಿ ಬಿಟ್ ಅಂತ ಬರುತ್ತದೆ. ತಪ್ಪಾಗಿದೆ ಅಂತ ಗೊತ್ತು, ಸರಿಯಾದ್ದು ಯಾವುದು ಅಂತ ಗೊತ್ತಿಲ್ಲ, ಅಂಥ ಸ್ಥಿತಿ. ತಪ್ಪು ಡೇಟಾ ಬರೆಯುವುದಕ್ಕಿಂತ ನಿಲ್ಲುವುದೇ ಮೇಲು ಅಂತ ಸರ್ವರ್ ಸಾಮಾನ್ಯವಾಗಿ ಅಲ್ಲೇ ನಿಂತುಬಿಡುತ್ತದೆ. ವಿಂಡೋಸ್‌ನಲ್ಲಿ ನೀಲಿ ಪರದೆ, ವಿಎಂವೇರ್‌ನಲ್ಲಿ ನೇರಳೆ ಪರದೆ.

ಸರಿಪಡಿಸಿದ ತಪ್ಪು ಒಂದೆರಡು ಕಂಡರೆ ಹೆದರಬೇಡಿ. ಗೂಗಲ್‌ನ ಡೇಟಾ ಸೆಂಟರ್‌ಗಳ ಮಿಷನ್‌ಗಳನ್ನು ಇಟ್ಟುಕೊಂಡು 2009ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ವರ್ಷಕ್ಕೆ ಮೂರರಲ್ಲಿ ಒಂದು ಮಿಷನ್‌ನಲ್ಲಿ ಇಂಥ ತಪ್ಪು ಒಂದಾದರೂ ಕಾಣಿಸಿತ್ತು. ಡಿಮ್ ಲೆಕ್ಕದಲ್ಲಿ ನೋಡಿದರೆ ಶೇ. 8ಕ್ಕಿಂತ ಜಾಸ್ತಿ. ಇದು ಮಾಮೂಲಿ. ಆದರೆ ಒಂದೇ ಸ್ಲಾಟ್ ನಂಬರ್ ಮತ್ತೆ ಮತ್ತೆ ಬರುತ್ತಿದ್ದರೆ, ನಿನ್ನೆ ಹತ್ತು ಇದ್ದದ್ದು ಇವತ್ತು ಇನ್ನೂರು ಆಗಿದ್ದರೆ ಆ ಡಿಮ್ ಹೊರಡುವ ತಯಾರಿಯಲ್ಲಿದೆ ಅಂತ ಅರ್ಥ.

ಅಂಥದ್ದು ಕಂಡ ತಕ್ಷಣ ಸ್ಕ್ರೂಡ್ರೈವರ್ ಹುಡುಕಬೇಡಿ. ಮೊದಲು ಬಯಾಸ್, ಅಂದರೆ ಆನ್ ಆದ ಕೂಡಲೇ ಓಡುವ ಬೋರ್ಡಿನೊಳಗಿನ ಸಾಫ್ಟ್‌ವೇರ್, ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ, ಆಮೇಲೆ ಒಂದು ಸಲ ರೀಬೂಟ್ ಮಾಡಿ. ಡಿಡಿಆರ್4 ಚಿಪ್‌ಗಳಲ್ಲಿ ಸ್ವಲ್ಪ ಜಾಗ ಮೀಸಲಿರುತ್ತದೆ. ಕೆಟ್ಟ ಸಾಲಿನ ಬದಲು ಆ ಮೀಸಲು ಸಾಲನ್ನು ಬಳಸುವ ಸೌಲಭ್ಯಕ್ಕೆ ಪೋಸ್ಟ್ ಪ್ಯಾಕೇಜ್ ರಿಪೇರ್ ಎಂದು ಹೆಸರು. ಆರ್740ನ ಹೊಸ ಬಯಾಸ್‌ಗಳು ರೀಬೂಟ್ ಹೊತ್ತಿನಲ್ಲಿ ಈ ಕೆಲಸವನ್ನು ತಾವೇ ಮಾಡುತ್ತವೆ. ಎಷ್ಟೋ ಸಲ ಮುಚ್ಚಳ ತೆಗೆಯದೇ ತೊಂದರೆ ಮುಗಿದಿದೆ. ರೀಬೂಟ್ ಆದ ಮೇಲೂ ಅದೇ ಸ್ಲಾಟ್ ದೂರಿದರೆ ಆಗ ಮಾತ್ರ ಮುಂದಿನ ಹೆಜ್ಜೆ.

ಸರ್ವರ್ ಓಡುತ್ತಲೇ ಇದ್ದರೆ ಆಪರೇಟಿಂಗ್ ಸಿಸ್ಟಮ್ ಒಳಗೂ ನೋಡಬಹುದು. ಲಿನಕ್ಸ್‌ನಲ್ಲಿ ಡಿಎಂಇಎಸ್‌ಜಿ ಕೊಟ್ಟು ಇಡಿಎಸಿ ಎಂಬ ಸಾಲು ಹುಡುಕಿ. ವಿಂಡೋಸ್ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ವೀಯಾ ಲಾಗರ್ ಹೆಸರಿನಲ್ಲಿ ಬಂದದ್ದನ್ನು ನೋಡಿ, ಡಬ್ಲ್ಯು ಎಚ್ ಇ ಎ ಎಂದು ಬರೆದಿರುತ್ತದೆ. ಕಾರ್ಡುಗಳ ತಕರಾರೂ ಇಲ್ಲೇ ಸಿಗುತ್ತದೆ.

ಎರಡನೆಯದು: ತಯಾರಿ, ಅಂದರೆ ಒಂದು ಬಿಳಿ ಹಾಳೆ

ಬ್ಯಾಕಪ್ ಇದೆಯಾ ಅಂತ ಕೇಳಬೇಡಿ, ತೆರೆದು ನೋಡಿ. ವಾರಂಟಿ ಅಥವಾ ಎಎಂಸಿ (ವರ್ಷದ ರಿಪೇರಿ ಒಪ್ಪಂದ) ಇದ್ದರೆ ಮೊದಲು ಕಂಪನಿಗೆ ಫೋನ್ ಮಾಡಿ ಕಾಲ್ ಲಾಗ್ ಮಾಡಿಸಿ. ಲಾಗ್ ಫೈಲನ್ನು ಇಳಿಸಿಕೊಂಡು ಅವರಿಗೆ ಕಳಿಸಿದರೆ ಅವರ ಹತ್ತು ಪ್ರಶ್ನೆ ತಪ್ಪುತ್ತದೆ.

ವಿಂಡೋಸ್ ಸರ್ವರ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಕೈಯಲ್ಲಿರಲಿ. ಒಳಗಿನ ಕಾರ್ಡ್ ಅದಲು ಬದಲಾದರೆ ಬೂಟ್ ಆಗುವಾಗ ಅದು ಕೀ ಕೇಳಬಹುದು. ಆ ಕೀ ಅದೇ ಸರ್ವರ್‌ನ ಡಿಸ್ಕ್ ಒಳಗೆ ಸೇವ್ ಆಗಿದ್ದ ಒಂದು ಜಾಗವನ್ನೂ ನಾನು ನೋಡಿದ್ದೇನೆ.

ಇನ್ನು ಬಿಳಿ ಹಾಳೆ. ಅದರ ಮೇಲೆ ಮದರ್‌ಬೋರ್ಡ್ ಚಿತ್ರ ಒರಟಾಗಿ ಬರೆಯಿರಿ. ಎರಡು ಸಿಪಿಯು, ಸುತ್ತ ಸ್ಲಾಟ್‌ಗಳು. ಯಾವ ಸ್ಲಾಟಿನಲ್ಲಿ ಎಷ್ಟು ಜಿಬಿ ಇದೆ ಅಂತ ಐಡ್ರ್ಯಾಕ್‌ನ ಮೆಮೊರಿ ಪುಟ ನೋಡಿ ತುಂಬಿಸಿ. ಹಿಂಭಾಗದ ಪ್ರತಿ ನೆಟ್‌ವರ್ಕ್ ಕೇಬಲ್‌ಗೂ ಒಂದು ಚೂರು ಟೇಪ್ ಹಚ್ಚಿ ನಂಬರ್ ಹಾಕಿ. ಮುಚ್ಚಳ ತೆಗೆದ ಮೇಲೆ ಏನನ್ನೂ ಮುಟ್ಟುವ ಮೊದಲು ಮೊಬೈಲ್‌ನಲ್ಲಿ ನಾಲ್ಕು ಫೋಟೋ. ಮುಚ್ಚಳದ ಒಳಮೈಯನ್ನೂ ಫೋಟೋ ತೆಗೆಯಿರಿ, ಯಾಕೆಂದರೆ ಯಾವ ಸ್ಲಾಟ್ ಎಲ್ಲಿದೆ, ಯಾವ ಕ್ರಮದಲ್ಲಿ ತುಂಬಬೇಕು ಅನ್ನುವ ಸ್ಟಿಕ್ಕರ್ ಅಲ್ಲೇ ಇರುತ್ತದೆ. ಇಷ್ಟಕ್ಕೆ ಹತ್ತು ನಿಮಿಷ ಹಿಡಿಯುತ್ತದೆ.

ಮೂರನೆಯದು: ಕರೆಂಟ್ ತೆಗೆಯುವುದು

ಸರ್ವರ್ ಶಟ್‌ಡೌನ್ ಮಾಡಿದರೆ ಕರೆಂಟ್ ಹೋದ ಹಾಗಲ್ಲ. ಐಡ್ರ್ಯಾಕ್ ಓಡುತ್ತಿರುತ್ತದೆ ಅಂದೆನಲ್ಲ, ಬೋರ್ಡಿನಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಹಿಂದೆ ಎರಡು ಪವರ್ ಸಪ್ಲೈ ಇದ್ದರೆ ಎರಡರ ಕೇಬಲನ್ನೂ ಎಳೆಯಿರಿ. ಆಮೇಲೆ ಪವರ್ ಬಟನ್ ಅನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಕೆಪಾಸಿಟರ್‌ಗಳಲ್ಲಿ ಉಳಿದದ್ದು ಖಾಲಿಯಾಗುತ್ತದೆ. ಬೋರ್ಡಿನ ಮೇಲಿನ ಸಣ್ಣ ಲೈಟುಗಳೆಲ್ಲ ಆರಿದ ಮೇಲೇ ಕೈ ಹಾಕಿ.

ಕೈಗೆ ಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ. ಅದರ ಕ್ಲಿಪ್ ಸರ್ವರ್‌ನ ಬಣ್ಣ ಬಳಿಯದ ಲೋಹದ ಭಾಗಕ್ಕೆ ಹಾಕಬೇಕು. ಬೇಸಿಗೆ ಶುರುವಾಗುವ ಹೊತ್ತಿಗೆ ಬಯಲುಸೀಮೆಯ ಒಣ ಹವೆಯಲ್ಲಿ, ಅದರಲ್ಲೂ ಎಸಿ ರೂಮಿನಲ್ಲಿ, ಬಾಗಿಲ ಹಿಡಿ ಮುಟ್ಟಿದರೆ ಚುರ್ ಅನ್ನುತ್ತದೆ ಅಲ್ವಾ? ನಮಗೆ ಚುರ್ ಅಂತ ಗೊತ್ತಾಗುವುದಕ್ಕೆ ಸಾವಿರಾರು ವೋಲ್ಟ್ ಬೇಕು. ಚಿಪ್ ಸಾಯುವುದಕ್ಕೆ ಅಷ್ಟೆಲ್ಲ ಬೇಕಿಲ್ಲ, ಸತ್ತದ್ದು ನಮಗೆ ಗೊತ್ತೂ ಆಗುವುದಿಲ್ಲ. ಪಟ್ಟಿ ಇಲ್ಲದಿದ್ದರೆ ಆಗಾಗ ಸರ್ವರ್‌ನ ಲೋಹದ ಚೌಕಟ್ಟು ಮುಟ್ಟುತ್ತಿರಿ. ಪಾಲಿಸ್ಟರ್ ಸ್ವೆಟರ್ ತೆಗೆದಿಡಿ. ತೆಗೆದ ಡಿಮ್‌ಗಳನ್ನು ಆ್ಯಂಟಿಸ್ಟ್ಯಾಟಿಕ್ ಕವರ್ ಒಳಗೆ ಇಡಿ, ಪೇಪರ್ ಮೇಲೆ ಬೇಡ.

ಮುಚ್ಚಳ ತೆಗೆದ ಮೇಲೆ ಧೂಳು ನೋಡಿ. ಧೂಳಿನ ಜೊತೆ ನಮ್ಮಲ್ಲಿ ಇನ್ನೊಂದಿದೆ. ಆಯುಧಪೂಜೆಗೆ ಸರ್ವರ್‌ಗೂ ಅರಿಶಿನ ಕುಂಕುಮ ಹಚ್ಚಿ, ಹೂವು ಇಟ್ಟು, ಊದಿನಕಡ್ಡಿ ಬೆಳಗುತ್ತಾರೆ. ಪೂಜೆಗೆ ನನ್ನ ತಕರಾರಿಲ್ಲ, ನಾನೂ ಕೈಮುಗಿಯುತ್ತೇನೆ. ಆದರೆ ಈ ಮಿಷನ್ ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ಬಿಡುತ್ತದೆ. ಮುಂಭಾಗದ ಜಾಲರಿಗೆ ಹಚ್ಚಿದ ಕುಂಕುಮ ಡಿಸೆಂಬರ್ ಹೊತ್ತಿಗೆ ಸ್ಲಾಟ್‌ಗಳ ಒಳಗೆ ಇರುತ್ತದೆ. ರ‍್ಯಾಕ್‌ನ ಬಾಗಿಲಿಗೆ ಹಚ್ಚಿ, ಅಲ್ಲೂ ಪಕ್ಕದ ಗಟ್ಟಿ ತಗಡಿಗೆ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಅದು ಗಿರ್ರನೆ ತಿರುಗಲು ಬಿಡಬೇಡಿ.

ನಾಲ್ಕನೆಯದು: ತೆಗೆದು ಮತ್ತೆ ಕೂರಿಸುವುದು

ಲಾಗ್ ಹೇಳಿದ ಡಿಮ್ ಒಂದನ್ನೇ ತೆಗೆಯಿರಿ. ಎ4 ಅಂದಿದ್ದರೆ ಎ4 ಮಾತ್ರ. ಡೆಲ್‌ನಲ್ಲಿ ಎ ಅಂದರೆ ಒಂದನೇ ಸಿಪಿಯುವಿನ ಸ್ಲಾಟ್, ಬಿ ಅಂದರೆ ಎರಡನೆಯದರದ್ದು. ಎರಡೂ ತುದಿಯ ಲಿವರ್‌ಗಳನ್ನು ಒಟ್ಟಿಗೆ ಕೆಳಗೆ ಒತ್ತಿದರೆ ಡಿಮ್ ತಾನೇ ಮೇಲೆ ಬರುತ್ತದೆ. ಅಂಚು ಹಿಡಿದು ಎತ್ತಿ, ಕೆಳಗಿನ ಚಿನ್ನದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗಿಸಬೇಡಿ. ಬೆರಳಿನ ಬೆವರಿನಲ್ಲಿ ಉಪ್ಪಿದೆ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಗಾಳಿಯಲ್ಲೇ ಉಪ್ಪಿದೆ, ಅಲ್ಲಿ ಪಟ್ಟಿಗಳು ಮಂಕಾಗಿ ಕಾಣುವುದು ಜಾಸ್ತಿ.

ಇಲ್ಲಿ ಎಲ್ಲರೂ ಜೇಬಿನಿಂದ ಪೆನ್ಸಿಲ್ ರಬ್ಬರ್ ತೆಗೆಯುತ್ತಾರೆ. ನಾನೂ ತುಂಬ ವರ್ಷ ಅದನ್ನೇ ಮಾಡಿದೆ, ಕೆಲಸವೂ ಆಗುತ್ತಿತ್ತು. ಆದರೆ ರಬ್ಬರ್ ಉಜ್ಜಿದರೆ ಚಿನ್ನದ ತೆಳು ಲೇಪ ಸವೆಯುತ್ತದೆ, ಪುಡಿ ಸ್ಲಾಟ್ ಒಳಗೆ ಬೀಳುತ್ತದೆ, ಉಜ್ಜುವುದರಿಂದ ಸ್ಟ್ಯಾಟಿಕ್ ಕೂಡ ಹುಟ್ಟುತ್ತದೆ. ಈಗ ನಾನು ಬಳಸುವುದು ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲ್, ಎಳೆ ಬಿಡದ ಬಟ್ಟೆ. ಒಂದೇ ದಿಕ್ಕಿಗೆ ಮೇಲಿನಿಂದ ಕೆಳಕ್ಕೆ ಒರೆಸಿ, ಎರಡು ನಿಮಿಷ ಆರಲು ಬಿಡಿ. ಹಳ್ಳಿಯ ಶಾಲೆಯ ಕಂಪ್ಯೂಟರಿಗೆ ಏನೂ ಸಿಗದ ಹೊತ್ತಿನಲ್ಲಿ ರಬ್ಬರ್ ಓಕೆ. ಲಕ್ಷಗಟ್ಟಲೆ ಬೆಲೆಯ ಸರ್ವರ್‌ಗೆ ಬೇಡ.

ಮತ್ತೆ ಹಾಕುವಾಗ ಡಿಮ್‌ನ ಕಚ್ಚು ಮತ್ತು ಸ್ಲಾಟಿನ ಉಬ್ಬು ಒಂದಕ್ಕೊಂದು ಹೊಂದಬೇಕು. ಕಚ್ಚು ಸರಿಯಾಗಿ ಮಧ್ಯದಲ್ಲಿಲ್ಲ, ಸ್ವಲ್ಪ ಪಕ್ಕಕ್ಕಿದೆ. ಹೊಂದದಿದ್ದರೆ ತಿರುಗಿಸಿ. ಎರಡೂ ಹೆಬ್ಬೆರಳಿನಿಂದ ಎರಡೂ ತುದಿಯನ್ನು ಸಮನಾಗಿ ಒತ್ತಿ. ಟಕ್ ಅಂತ ಎರಡು ಸದ್ದು ಬರಬೇಕು. ಒಂದೇ ಬಂದರೆ ಕೂತಿಲ್ಲ. ಲಿವರ್‌ಗಳನ್ನು ಕೈಯಿಂದ ಮಡಚಿ ಕೂರಿಸಬೇಡಿ, ಡಿಮ್ ಇಳಿದರೆ ಅವು ತಾವೇ ಮುಚ್ಚಿಕೊಳ್ಳುತ್ತವೆ. ಕೊನೆಗೆ ಪಕ್ಕದಿಂದ ಬಗ್ಗಿ ನೋಡಿ, ಎಲ್ಲ ಡಿಮ್‌ಗಳ ತಲೆ ಒಂದೇ ಎತ್ತರದಲ್ಲಿರಬೇಕು. ಒಂದರ ತಲೆ ಕೂದಲೆಳೆಯಷ್ಟು ಮೇಲಿದ್ದರೂ ಅದೇ ಕಳ್ಳ.

ಗಾಳಿ ದಾರಿ ತೋರಿಸುವ ಪ್ಲಾಸ್ಟಿಕ್ ಹೊದಿಕೆಯನ್ನು ವಾಪಸ್ ಹಾಕಿ. "ಟೆಸ್ಟಿಗೆ ತಾನೇ, ಆಮೇಲೆ ಹಾಕೋಣ" ಅಂತ ಬಿಟ್ಟದ್ದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಪವರ್ ಕೊಟ್ಟು ಆನ್ ಮಾಡಿ, ಈಗ ಸುಮ್ನೆ ಕಾಯಿರಿ. ಮೆಮೊರಿ ಬದಲಾದ ಮೇಲಿನ ಮೊದಲ ಬೂಟ್‌ನಲ್ಲಿ ಸರ್ವರ್ ಒಂದೊಂದೇ ಡಿಮ್ ಜೊತೆ ಲಯ ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಡಿಮ್ ಜಾಸ್ತಿ ಇದ್ದರೆ ಹಲವು ನಿಮಿಷ ಹಿಡಿಯಬಹುದು. ಫ್ಯಾನ್ ಕೂಗುತ್ತದೆ, ಪರದೆ ಖಾಲಿ. ಸತ್ತೇಹೋಯಿತು ಅಂತ ಮಧ್ಯದಲ್ಲಿ ಆಫ್ ಮಾಡಿದವರನ್ನು ನಾನು ತುಂಬ ನೋಡಿದ್ದೇನೆ. ಕಾಫಿ ಕುಡಿದು ಬನ್ನಿ.

ಐದನೆಯದು: ಡಿಮ್ ಕೆಟ್ಟಿದೆಯೋ, ಸ್ಲಾಟ್ ಕೆಟ್ಟಿದೆಯೋ

ಕೂರಿಸಿದರೂ ಅದೇ ದೂರು ಬಂದರೆ ಅದಲು ಬದಲು ಪರೀಕ್ಷೆ ಮಾಡಿ. ಎ4ರ ಡಿಮ್ ತೆಗೆದು ಬಿ4ಕ್ಕೆ, ಬಿ4ರದ್ದು ಎ4ಕ್ಕೆ. ಎರಡೂ ಒಂದೇ ಅಳತೆ, ಒಂದೇ ಬಗೆಯವಾಗಿರಲಿ. ಹಾಳೆಯ ಮೇಲೆ ಬರೆದುಕೊಳ್ಳಿ. ಲಾಗ್ ಕಾಪಿ ಮಾಡಿಟ್ಟು ಖಾಲಿ ಮಾಡಿ, ಆನ್ ಮಾಡಿ.

ಈಗ ದೂರು ಬಿ4 ಮೇಲೆ ಬಂದರೆ ಕೆಟ್ಟದ್ದು ಡಿಮ್, ಅದು ಹೋದಲ್ಲಿಗೆ ತೊಂದರೆಯೂ ಹೋಯಿತು. ದೂರು ಎ4ರಲ್ಲೇ ಉಳಿದರೆ ಡಿಮ್ ನಿರಪರಾಧಿ. ಸ್ಲಾಟ್, ಬೋರ್ಡ್ ಅಥವಾ ಸಿಪಿಯು ನೋಡಬೇಕು. ಎರಡೂ ಕಡೆ ದೂರು ಇಲ್ಲದಿದ್ದರೆ ಮೊದಲು ಸರಿಯಾಗಿ ಕೂತಿರಲಿಲ್ಲ ಅಷ್ಟೆ.

ಸಿಪಿಯು ಯಾಕೆ ಬಂತು? ಇಂಟೆಲ್ 2009ರಲ್ಲಿ ಕ್ಸಿಯಾನ್ 5500 ಸಾಲಿನಿಂದ ಮೆಮೊರಿ ಕಂಟ್ರೋಲರನ್ನು ಸಿಪಿಯು ಒಳಗೇ ಇಟ್ಟಿತು. ಎಎಂಡಿ ಅದಕ್ಕೂ ಮೊದಲೇ, 2003ರ ಆಪ್ಟೆರಾನ್‌ನಲ್ಲಿ ಇಟ್ಟಿತ್ತು. ಅಂದರೆ ಡಿಮ್‌ನಿಂದ ಬರುವ ತಂತಿಗಳು ನೇರವಾಗಿ ಸಿಪಿಯು ಕೆಳಗಿನ ಪಿನ್‌ಗಳಿಗೆ ಹೋಗುತ್ತವೆ. ಅಲ್ಲೊಂದು ಪಿನ್ ಬಾಗಿದರೆ ಇಲ್ಲೊಂದು ಚಾನೆಲ್, ಅಂದರೆ ಸಿಪಿಯುವಿನಿಂದ ಡಿಮ್‌ಗೆ ಇರುವ ದಾರಿ, ಮಾಯ.

ಒಂದು ಕಡೆ ಹೀಗಾಗಿತ್ತು. ಥರ್ಮಲ್ ಪೇಸ್ಟ್ ಒಣಗಿದೆ ಅಂತ ಯಾರೋ ಹೀಟ್‌ಸಿಂಕ್ ತೆಗೆದು ಹೊಸದು ಹಚ್ಚಿ ಮತ್ತೆ ಕೂರಿಸಿದ್ದರು. ಮರುದಿನದಿಂದ 192 ಜಿಬಿ ಬದಲು 160 ಜಿಬಿ. ಅವರು ಎರಡು ಹೊಸ ಡಿಮ್ ತರಿಸಿದರು, ಆಗಲೂ 160. ನಾನು ಹೀಟ್‌ಸಿಂಕ್ ನೋಡಿದೆ. ಒಂದು ಪಕ್ಕದ ಸ್ಕ್ರೂ ಬಿಗಿ, ಎದುರು ಪಕ್ಕದ್ದು ಅರ್ಧಕ್ಕೇ ನಿಂತಿತ್ತು. ಆರ್740 ಕಾಲದ ಎಲ್‌ಜಿಎ 3647 ಸಾಕೆಟ್‌ನಲ್ಲಿ ಸಿಪಿಯುವನ್ನು ಪಿನ್‌ಗಳ ಮೇಲೆ ಒತ್ತಿ ಹಿಡಿಯುವುದೇ ಹೀಟ್‌ಸಿಂಕ್. ಟಿ30 ಟಾರ್ಕ್ಸ್ ಬಿಟ್ ಬೇಕು, ಸುಮಾರು 12 ಇಂಚು-ಪೌಂಡ್ ಬಿಗಿ, ಸ್ಟಿಕ್ಕರ್ ಮೇಲೆ ಬರೆದ ಕ್ರಮದಲ್ಲಿ. ಸಡಿಲಿಸಿ ಕ್ರಮವಾಗಿ ಬಿಗಿ ಮಾಡಿದೆ, 192 ಬಂತು. ಆ ಎರಡು ಹೊಸ ಡಿಮ್‌ಗಳ ಬಿಲ್ ಬಗ್ಗೆ ಯಾರೂ ಮಾತಾಡಲಿಲ್ಲ.

ಸರ್ವರ್ ಪೂರ್ತಿ ಸತ್ತ ಹಾಗಿದ್ದು ಲಾಗ್ ಕೂಡ ಏನೂ ಹೇಳದಿದ್ದರೆ ಮಾತ್ರ ಎಲ್ಲ ತೆಗೆಯಿರಿ, ಅದೂ ನಂಬರ್ ಹಾಕಿಕೊಂಡು. ಒಂದನೇ ಸಿಪಿಯು, ಎ1ರಲ್ಲಿ ಒಂದೇ ಡಿಮ್, ಯಾವ ಕಾರ್ಡೂ ಇಲ್ಲ. ಇಷ್ಟಕ್ಕೆ ಮೇಲೆದ್ದರೆ ಒಂದೊಂದೇ ಸೇರಿಸುತ್ತಾ ಬನ್ನಿ. ಎದ್ದೇ ಇಲ್ಲವಾದರೆ ಎ1ರಲ್ಲಿ ಬೇರೆ ಡಿಮ್ ಹಾಕಿ ನೋಡಿ. ಆಗಲೂ ಇಲ್ಲ ಅಂದರೆ ಬೋರ್ಡ್, ಸಿಪಿಯು ಅಥವಾ ಪವರ್ ಸಪ್ಲೈ.

ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಓಡಿಸಬಹುದು, ಉಚಿತವಾಗಿ ಸಿಗುತ್ತದೆ. 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಯುಇಎಫ್‌ಐ (ಹೊಸ ಬಗೆಯ ಬಯಾಸ್) ಮಿಷನ್‌ಗಳಲ್ಲೂ ಓಡುತ್ತದೆ. ರಾತ್ರಿ ಬಿಟ್ಟು ಬೆಳಗ್ಗೆ ನೋಡಿ. ಆದರೆ ಒಂದು ಮೋಸ ಇದೆ. ಇಸಿಸಿ ತಪ್ಪನ್ನು ಮೊದಲೇ ತಿದ್ದಿಬಿಡುವುದರಿಂದ ಪರೀಕ್ಷೆಯ ಪರದೆಯಲ್ಲಿ ಸೊನ್ನೆ ತಪ್ಪು ಅಂತ ಕಾಣಬಹುದು. ಪರೀಕ್ಷೆ ಮುಗಿದ ಮೇಲೆ ಐಡ್ರ್ಯಾಕ್ ಲಾಗ್ ತೆರೆದು ನೋಡಿದರೇ ನಿಜ ಗೊತ್ತಾಗುವುದು.

ಹೊಸ ಡಿಮ್ ತರುವ ಮುಂಚೆ ಲೇಬಲ್ ಓದಿ

ಏನೂ ಕೆಡದೇ ಮೆಮೊರಿ ಕಡಿಮೆ ತೋರಿಸುವುದು ಬಹಳ ಸಲ ಹಾಕಿದ್ದೇ ತಪ್ಪಾದಾಗ. ಡಿಮ್ ಲೇಬಲ್ ಮೇಲೆ ಹೀಗೆ ಇರುತ್ತದೆ: 32 ಜಿಬಿ, 2ಆರ್‌ಎಕ್ಸ್4, ಪಿಸಿ4-2666ವಿ-ಆರ್‌ಬಿ2. ಬಿಡಿಸಿ ಓದೋಣ. 2ಆರ್ ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಎರಡು ಗುಂಪು, ಎರಡು ರ‍್ಯಾಂಕ್. ಎಕ್ಸ್4 ಅಂದರೆ ಪ್ರತಿ ಚಿಪ್ 4 ಬಿಟ್ ಅಗಲ. ಪಿಸಿ4 ಅಂದರೆ ಡಿಡಿಆರ್4. 2666 ವೇಗ. ಕೊನೆಯ ಗುಂಪಿನ ಮೊದಲ ಅಕ್ಷರ ಎಲ್ಲಕ್ಕಿಂತ ಮುಖ್ಯ. ಆರ್ ಇದ್ದರೆ ಆರ್‌ಡಿಮ್, ಎಲ್ ಇದ್ದರೆ ಎಲ್‌ಆರ್‌ಡಿಮ್ (ಎರಡೂ ಸಂಕೇತವನ್ನು ನಡುವೆ ಹಿಡಿದು ದಾಟಿಸುವ ಬಫರ್ ಚಿಪ್ ಇರುವಂಥವು), ಇ ಇದ್ದರೆ ಬಫರ್ ಇಲ್ಲದ ಇಸಿಸಿ, ಯು ಇದ್ದರೆ ಮನೆ ಕಂಪ್ಯೂಟರಿನ ಮಾಮೂಲಿ ರ‍್ಯಾಮ್.

ಡಿಡಿಆರ್4ನಲ್ಲಿ ಈ ನಾಲ್ಕೂ ಒಂದೇ 288 ಪಿನ್ ಸ್ಲಾಟಿಗೆ ಹೋಗಿ ಕೂರುತ್ತವೆ. ಕೂರುತ್ತವೆ, ಕೆಲಸ ಮಾಡುವುದಿಲ್ಲ. ಆರ್740ಗೆ ಆರ್‌ಡಿಮ್ ಅಥವಾ ಎಲ್‌ಆರ್‌ಡಿಮ್ ಬೇಕು, ಎರಡನ್ನೂ ಬೆರೆಸುವಂತಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸರ್ವರ್ ರ‍್ಯಾಮ್ ಅರ್ಧ ಬೆಲೆಗೆ ಸಿಗುತ್ತದೆ, ನಾನೂ ತಂದಿದ್ದೇನೆ. ಆದರೆ "ಸರ್ವರ್ ರ‍್ಯಾಮ್ ಕೊಡಿ" ಅನ್ನಬೇಡಿ. ಹಳೆಯ ಡಿಮ್‌ನ ಲೇಬಲ್ ಫೋಟೋ ತೋರಿಸಿ "ಇದೇ ಬೇಕು" ಅನ್ನಿ. ಕೆಲವು ಲೇಬಲ್‌ನಲ್ಲಿ 2666ರ ಬದಲು 21300 ಅಂತ, 2400ರ ಬದಲು 19200 ಅಂತ ಇರುತ್ತದೆ. ಗಾಬರಿ ಬೇಡ, ಅದೇ ವೇಗವನ್ನು ಇನ್ನೊಂದು ಲೆಕ್ಕದಲ್ಲಿ ಬರೆದದ್ದು. 2400ದ್ದು ಒಂದನ್ನು 2666ರ ಗುಂಪಿಗೆ ಸೇರಿಸಿದರೆ ಎಲ್ಲವೂ 2400ಕ್ಕೇ ಓಡುತ್ತವೆ. ಎತ್ತಿನ ಜೋಡಿಯಲ್ಲಿ ಒಂದು ಕುಂಟಿದರೆ ಗಾಡಿ ಹೋಗುವುದು ಕುಂಟೆತ್ತಿನ ವೇಗಕ್ಕೇ ತಾನೆ.

ಸ್ಲಾಟ್ ತುಂಬುವ ಕ್ರಮವೂ ಇದೆ. ಆರ್740ರಲ್ಲಿ ಪ್ರತಿ ಸಿಪಿಯುಗೆ ಆರು ಚಾನೆಲ್, ಚಾನೆಲ್‌ಗೆ ಎರಡು ಸ್ಲಾಟ್. ಬಿಳಿ ಲಿವರ್ ಇರುವ ಎ1ರಿಂದ ಎ6 ಮೊದಲು, ಕಪ್ಪು ಲಿವರ್‌ನ ಎ7ರಿಂದ ಎ12 ಆಮೇಲೆ. ಎರಡನೇ ಸಿಪಿಯು ಇಲ್ಲದಿದ್ದರೆ ಬಿ ಸಾಲಿಗೆ ಏನು ಹಾಕಿದರೂ ಕಾಣುವುದಿಲ್ಲ. ಇನ್ನು 128 ಜಿಬಿ ಹಾಕಿದ್ದೀರಿ, 64 ಮಾತ್ರ ತೋರಿಸುತ್ತಿದೆ ಅಂದರೆ ಬಯಾಸ್‌ನಲ್ಲಿ ಮಿರರ್ ಮೋಡ್ ಆನ್ ಇದೆಯಾ ನೋಡಿ. ಆಗ ಅರ್ಧ ಮೆಮೊರಿ ಇನ್ನರ್ಧದ ನಕಲಾಗಿ ಕೂತಿರುತ್ತದೆ. ಅದು ಕೆಟ್ಟದ್ದಲ್ಲ, ಯಾರೋ ಬೇಕು ಅಂತಲೇ ಹಾಕಿರಬಹುದು. ಕೇಳದೇ ತೆಗೆಯಬೇಡಿ.

ಆರನೆಯದು: ಕಾರ್ಡುಗಳ ತಕರಾರು

ಕಾರ್ಡ್ ಕಾಣಿಸುತ್ತಿಲ್ಲ ಅಂದರೆ ನನ್ನ ಮೊದಲ ಪ್ರಶ್ನೆ: ಎಷ್ಟು ಸಿಪಿಯು ಇದೆ? ಕಾರ್ಡ್ ಕೂರುವ ಪಿಸಿಐಇ ಸ್ಲಾಟ್‌ಗಳ ತಂತಿಯೂ ಸಿಪಿಯುವಿನಿಂದಲೇ ಬರುತ್ತದೆ. ಎರಡನೇ ಸಾಕೆಟ್ ಖಾಲಿ ಇದ್ದರೆ ಅದಕ್ಕೆ ಸೇರಿದ ಸ್ಲಾಟ್‌ಗಳೆಲ್ಲ ಬರೀ ಪ್ಲಾಸ್ಟಿಕ್. ಯಾವುದು ಯಾರದ್ದು ಅಂತ ಕೈಪಿಡಿಯಲ್ಲಿ ಪಟ್ಟಿ ಇರುತ್ತದೆ.

ಆಮೇಲೆ ರೈಸರ್. ರ‍್ಯಾಕ್ ಸರ್ವರ್‌ನಲ್ಲಿ ಕಾರ್ಡ್ ಮಲಗಿರುತ್ತದೆ, ಅದನ್ನು ಹಿಡಿದಿರುವ ನಿಂತ ಬೋರ್ಡೇ ರೈಸರ್. ಕಾರ್ಡ್ ರೈಸರ್‌ನಲ್ಲಿ ಸರಿಯಾಗಿ ಕೂತು, ರೈಸರ್ ಮದರ್‌ಬೋರ್ಡ್‌ನಲ್ಲಿ ಕೂರದೇ ಇರುವುದು ತೀರಾ ಸಾಮಾನ್ಯ. ಆ ರೈಸರ್‌ನ ಎಲ್ಲ ಕಾರ್ಡೂ ಒಟ್ಟಿಗೆ ಕಾಣೆಯಾಗಿದ್ದರೆ ಕಾರ್ಡುಗಳನ್ನು ಬೈಯಬೇಡಿ, ರೈಸರ್ ಕಿತ್ತು ಮತ್ತೆ ಒತ್ತಿ.

ಕಾರ್ಡ್ ಕಾಣುತ್ತದೆ, ಆದರೆ ನಿಧಾನ ಅನ್ನುವ ಜಾತಿ ಬೇರೆ. ಲಿನಕ್ಸ್‌ನಲ್ಲಿ ರೂಟ್ ಆಗಿ ಎಲ್‌ಎಸ್‌ಪಿಸಿಐ ಕಮಾಂಡನ್ನು ವಿವಿ ಆಯ್ಕೆಯ ಜೊತೆ ಕೊಡಿ. ಕಾರ್ಡಿನ ವಿವರದಲ್ಲಿ ಲಿಂಕ್ ಬಗ್ಗೆ ಎರಡು ಸಾಲು ಬರುತ್ತವೆ. ಒಂದು ಅದರ ಶಕ್ತಿ ಎಷ್ಟು ಅಂತ, ಇನ್ನೊಂದು ಈಗ ಎಷ್ಟಕ್ಕೆ ಓಡುತ್ತಿದೆ ಅಂತ. ಮೂರನೇ ಪೀಳಿಗೆಯ, ಎಂಟು ಲೇನ್ (ಡೇಟಾ ದಾರಿ) ಇರುವ ಪಿಸಿಐಇ ಕಾರ್ಡಿಗೆ 8 ಜಿಟಿ ವೇಗ, ಎಂಟು ಲೇನ್ ಬರಬೇಕು. ಎರಡನೇ ಸಾಲಿನಲ್ಲಿ 2.5 ಜಿಟಿ ಅಥವಾ ಒಂದೇ ಲೇನ್ ಇದ್ದರೆ ಸಂಪರ್ಕ ಸರಿಯಿಲ್ಲ. ಆದರೆ ಗ್ರಾಫಿಕ್ಸ್ ಕಾರ್ಡುಗಳು ಕೆಲಸವಿಲ್ಲದಾಗ ಕರೆಂಟ್ ಉಳಿಸಲು ತಾವೇ ವೇಗ ಇಳಿಸುತ್ತವೆ, ಲೋಡ್ ಕೊಟ್ಟು ನೋಡಿ. ಸ್ಲಾಟ್ ಉದ್ದವಿದ್ದ ಮಾತ್ರಕ್ಕೆ ಒಳಗೆ ಹದಿನಾರು ಲೇನ್ ಇದೆ ಅಂತಲೂ ಅಲ್ಲ, ಎಂಟೇ ಇರಬಹುದು. ಇದೂ ಕೈಪಿಡಿಯಲ್ಲಿದೆ.

ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡ್, ಹಾಕುತ್ತಿದ್ದರೆ ಅವಸರ ಬೇಡ. ಸ್ಲಾಟ್ ಒಂದರಿಂದ ಗರಿಷ್ಠ 75 ವಾಟ್ ಸಿಗುತ್ತದೆ, ಉಳಿದದ್ದಕ್ಕೆ ಬೇರೆ ಕೇಬಲ್ ಬೇಕು. ಎನ್‌ವಿಡಿಯಾದ ಟೆಸ್ಲಾ ಪಿ40 ತರಹದ ಸರ್ವರ್ ಕಾರ್ಡುಗಳು ಬಳಸುವುದು ಸಿಪಿಯು ಕಡೆಯ ಇಪಿಎಸ್ 8 ಪಿನ್. ಮನೆಯ ಗೇಮಿಂಗ್ ಕಾರ್ಡಿನ 8 ಪಿನ್ ನೋಡಲು ಹಾಗೇ ಇದೆ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲು ಬದಲು. ಹೋಗುತ್ತಿಲ್ಲ ಅಂತ ಒತ್ತಿ ಕೂರಿಸಿದರೆ ಹೊಗೆ. ಕೇಬಲ್ ಸರಿ ಇದ್ದೂ ಕಾರ್ಡ್ ಕಾಣದಿದ್ದರೆ ಬಯಾಸ್‌ನಲ್ಲಿ 4 ಜಿಬಿ ಮೇಲಿನ ವಿಳಾಸ ಬಿಟ್ಟುಕೊಡುವ ಆಯ್ಕೆ, ಅಂದರೆ ಅಬವ್ 4ಜಿ ಡಿಕೋಡಿಂಗ್, ಆನ್ ಮಾಡಿ. ಬೇರೆ ಕಂಪನಿಯ ಕಾರ್ಡ್ ಹಾಕಿದ ಮೇಲೆ ಡೆಲ್‌ನ ಫ್ಯಾನ್‌ಗಳು ವಿಮಾನದ ಹಾಗೆ ಕೂಗಿದರೆ ಅದು ಕೆಟ್ಟದ್ದಲ್ಲ. ಆ ಕಾರ್ಡಿನ ಬಿಸಿ ಎಷ್ಟು ಅಂತ ಗೊತ್ತಾಗದೆ ಮುಂಜಾಗ್ರತೆಗೆ ಗಾಳಿ ಜಾಸ್ತಿ ಕೊಡುತ್ತಿದೆ.

ನೆಟ್‌ವರ್ಕ್ ಕಾರ್ಡನ್ನು ಪಕ್ಕದ ಸ್ಲಾಟಿಗೆ ಬದಲಾಯಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಆದರೆ ಲಿನಕ್ಸ್‌ನಲ್ಲಿ ಅದರ ಹೆಸರು ಸ್ಲಾಟ್ ಅಥವಾ ಬಸ್ ನಂಬರ್ (ಬೂಟ್ ಆಗುವಾಗ ಪಿಸಿಐಇ ದಾರಿಗೆ ಸಿಗುವ ಸಂಖ್ಯೆ) ಮೇಲೆ ನಿಂತಿದೆ. ಇಎನ್‌ಪಿ59 ಅಂತ ಶುರುವಾಗುವ ಹೆಸರು ಇಎನ್‌ಪಿ94 ಆಗಿಬಿಡುತ್ತದೆ, ಐಪಿ ಹಳೆಯ ಹೆಸರಿನ ಮೇಲೇ ಉಳಿಯುತ್ತದೆ. ಕಾರ್ಡ್ ಸರಿಯಾಗಿದ್ದೂ ನೆಟ್‌ವರ್ಕ್ ಇಲ್ಲ. ಬೇರೆ ಯಾವುದೋ ಕಾರ್ಡ್ ಹೊಸದಾಗಿ ಸೇರಿಸಿದಾಗಲೂ ಬಸ್ ನಂಬರ್ ಸರಿದು ಹೀಗಾಗುತ್ತದೆ. ಕಾರ್ಡೇ ಹೊಸದಾದರೆ ಹಳೆಯ ಕಾರ್ಡಿನ ಸ್ವಂತ ನಂಬರಿಗೆ, ಅಂದರೆ ಮ್ಯಾಕ್ ವಿಳಾಸಕ್ಕೆ, ಕಟ್ಟಿದ ಸಾಫ್ಟ್‌ವೇರ್ ಲೈಸೆನ್ಸ್ ಇದೆಯಾ ಅಂತ ಮೊದಲೇ ವಿಚಾರಿಸಿ.

ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ರೇಡ್ ಕಾರ್ಡ್ ಬದಲಾಯಿಸುವಾಗ ಮಾತ್ರ ನನಗೆ ಇವತ್ತಿಗೂ ಕೈ ನಡುಗುತ್ತದೆ. ಡಿಸ್ಕ್‌ಗಳ ಕ್ರಮ ಬರೆದಿಟ್ಟುಕೊಳ್ಳಿ. ಹೊಸ ಕಾರ್ಡ್ ಹಳೆಯ ಡಿಸ್ಕ್‌ಗಳನ್ನು ನೋಡಿ "ಫಾರಿನ್ ಕಾನ್ಫಿಗರೇಷನ್ ಸಿಕ್ಕಿದೆ" ಅನ್ನುತ್ತದೆ. ಜೊತೆಗೆ ಎರಡು ಆಯ್ಕೆ, ಇಂಪೋರ್ಟ್ ಮತ್ತು ಕ್ಲಿಯರ್. ಇಂಪೋರ್ಟ್ ಅಂದರೆ ಡಿಸ್ಕ್ ಮೇಲಿನ ರೇಡ್ ಮಾಹಿತಿಯನ್ನು ಹೊಸ ಕಾರ್ಡ್ ತನ್ನದು ಮಾಡಿಕೊಳ್ಳುತ್ತದೆ. ಕ್ಲಿಯರ್ ಅಂದರೆ ಆ ಮಾಹಿತಿಯನ್ನು ಅಳಿಸುತ್ತದೆ. ಕ್ಲಿಯರ್ ಅನ್ನುವ ಮಾತು ಕೇಳಲು ಹಿತವಾಗಿದೆ, ಎರರ್ ಕ್ಲಿಯರ್ ಆಗುತ್ತೆ ಅಂತ ಒತ್ತಿಬಿಡುತ್ತಾರೆ. ರಾತ್ರಿ ಹನ್ನೊಂದಕ್ಕೆ, ಒಬ್ಬರೇ ಇರುವಾಗ, ಹಸಿದ ಹೊಟ್ಟೆಯಲ್ಲಿ ಈ ಪರದೆ ಬಂದರೆ ಊಟ ಮಾಡಿ ಬಂದು ಒತ್ತಿ.

ಮುಗಿದ ಮೇಲೆ

ಲಾಗನ್ನು ಒಂದು ಫೈಲಿಗೆ ಉಳಿಸಿ ಖಾಲಿ ಮಾಡಿ, ಒಂದು ವಾರ ದಿನಕ್ಕೊಮ್ಮೆ ನೋಡಿ. ಆ ಬಿಳಿ ಹಾಳೆಯನ್ನು ತಾರೀಕು ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ರ‍್ಯಾಕ್ ಬಾಗಿಲ ಒಳಗೆ ಅಂಟಿಸಿ.

ಕೆಟ್ಟ ಡಿಮ್ ಮೇಲೆ ಕೆಂಪು ಮಾರ್ಕರ್‌ನಿಂದ ಗೀಟು ಹಾಕಿ. ವಾರಂಟಿ ಇದ್ದರೆ ವಾಪಸ್ ಕಳಿಸಬೇಕು. ಇಲ್ಲದಿದ್ದರೆ ಡ್ರಾಯರ್‌ಗೆ ಮಾತ್ರ ಹಾಕಬೇಡಿ. ಡ್ರಾಯರ್‌ಗೆ ಹೋದದ್ದು ಆರು ತಿಂಗಳ ಮೇಲೆ "ಸ್ಪೇರ್ ಇದೆ ಸಾರ್" ಅಂತ ಇನ್ನೊಂದು ಸರ್ವರ್ ಒಳಗೆ ಬಂದು ಕೂರುತ್ತದೆ. ಆ ಸೋಮವಾರದ ಹದಿನಾರರಲ್ಲಿ ಕೆಟ್ಟಿದ್ದ ಒಂದನ್ನು ನಾನು ಕೇಳಿ ಇಸಿದುಕೊಂಡು ಬಂದೆ. ಮೂಲೆಗೆ ತೂತು ಕೊರೆದು ಬೈಕ್ ಕೀಗೆ ಹಾಕಿಕೊಂಡಿದ್ದೇನೆ. ಸ್ವಲ್ಪ ಉದ್ದವಾಯಿತು, ಕೂತಾಗ ಜೇಬಿನಲ್ಲಿ ಚುಚ್ಚುತ್ತದೆ.